ಗಾಳಿಯ ದಾಹ

ಮಹೇಶ್ವರಪ್ಪನವರಿಗೆ ಆ ಪದ ಬಹಳ ಇಷ್ಟವಾಯಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ಮೇಘಶ್ರೀ ಫೋನ್ ಮಾಡುವುದು ರೂಢಿ. ಚನ್ನಗಿರಿಯ ಕಾಲೇಜಿನಲ್ಲಿ ಅವರ ಬಳಿ ಭೌತಶಾಸ್ತ್ರ ಕಲಿತ ಹುಡುಗಿ, ಈಗ ನ್ಯಾಮತಿಯಲ್ಲಿ ತಾನೇ ಪಿಯು ಮಕ್ಕಳಿಗೆ ಅದನ್ನು ಕಲಿಸುತ್ತಾಳೆ. ಆ ದಿನ ಅವಳ ದನಿಯಲ್ಲಿ ಎಂದಿಲ್ಲದ ಉತ್ಸಾಹವಿತ್ತು. ಊರಿನ ಹೆಂಗಸರ ಶಾವಿಗೆ ಸಂಘಕ್ಕಾಗಿ ಒಂದು ಕೋಷ್ಟಕ ಮಾಡಿಕೊಡುತ್ತಿದ್ದಳು. ಮಳೆಗಾಲದಲ್ಲಿ ಶಾವಿಗೆಗೆ ಬಿಸಿಲು ಸಿಗುವುದಿಲ್ಲ. ಹಳೆಯ ಗೋದಾಮೊಂದರಲ್ಲಿ ಬಿದಿರ ಗಳಗಳ ಮೇಲೆ ಇಳಿಬಿಟ್ಟು, ದೊಡ್ಡ ಫ್ಯಾನಿನಿಂದ ಹೊರಗಾಳಿಯನ್ನು ಒಳಗೆಳೆದು ಒಣಗಿಸಬೇಕು. ಹೊರಗಾಳಿಯೇ ಒದ್ದೆಯಾಗಿದ್ದರೆ ಫ್ಯಾನು ತಿರುಗಿದಷ್ಟೂ ಕೇಡು. ಯಾವಾಗ ಫ್ಯಾನು, ಯಾವಾಗ ಕಿಟಕಿ ಮುಚ್ಚಿ ಹೀಟರು ಎಂದು ಹೇಳುವುದೇ ಕೋಷ್ಟಕದ ಕೆಲಸ.

"ಇಂತಿಷ್ಟು ಉಷ್ಣತೆಯಲ್ಲಿ ಗಾಳಿ ಇಂತಿಷ್ಟೇ ಆವಿ ಹೊರಬಲ್ಲದು ಅಂತ ನೀವು ಹೇಳಿಕೊಟ್ಟಿದ್ರಲ್ಲ ಸರ್, ಆ ಆವಿ ಒತ್ತಡ ಒಂದು ಕಾಲಮ್ಮು. ಈಗ ಎಷ್ಟು ಆವಿ ಹೊತ್ತುಕೊಂಡಿದೆ ಅನ್ನೋದು ಇನ್ನೊಂದು. ಅದರಲ್ಲಿ ಇದನ್ನ ಕಳೆದರೆ ಉಳಿಯೋದು ಗಾಳಿಯ ದಾಹ. ದಾಹ ಎಂಟಿದ್ರೆ ಫ್ಯಾನ್ ಹಾಕಬಹುದು, ಎರಡಿದ್ರೆ ಬೇಡ."

"ಗಾಳಿಯ ಏನು?"

"ದಾಹ ಸರ್. ಬಾಯಾರಿಕೆ."

ಲೋಟ ಅವರ ಕೈಯಲ್ಲೇ ಉಳಿಯಿತು. ಪ್ರತಿ ಆಷಾಢದಲ್ಲೂ ಕಪ್ಪುಹಲಗೆಯ ಮೇಲೆ ಆ ವಕ್ರರೇಖೆಯನ್ನು ಎಳೆದವರು ಅವರು. ಇಪ್ಪತ್ತು ಡಿಗ್ರಿಯಲ್ಲಿ ಹದಿನೇಳೂವರೆ ಮಿಲಿಮೀಟರು ಪಾದರಸದಷ್ಟು, ಮೂವತ್ತರಲ್ಲಿ ಸುಮಾರು ಮೂವತ್ತೆರಡು, ಐವತ್ತರಲ್ಲಿ ತೊಂಬತ್ತು ದಾಟಿದ್ದು. ಮೊದಮೊದಲು ತೆವಳಿ, ಆಮೇಲೆ ಎದ್ದು ನಿಂತು, ನೂರರಲ್ಲಿ ಇಡೀ ವಾತಾವರಣದ ಭಾರವನ್ನೇ ಎತ್ತಿ ಎಸೆಯುವ ಗೆರೆ. 'ಸಂತೃಪ್ತ ಆವಿ ಒತ್ತಡ' ಎಂದು ಅದರ ತಲೆಯ ಮೇಲೆ ದುಂಡಗೆ ಬರೆಯುತ್ತಿದ್ದರು. ಸಂತೃಪ್ತಿಯ ಮಾತನ್ನು ಅಷ್ಟು ವರ್ಷ ಆಡಿದವರಿಗೆ ದಾಹದ ಮಾತು ಒಂದು ದಿನವೂ ಹೊಳೆದಿರಲಿಲ್ಲ.

"ಯಾರ ಪದ ಅದು?"

ಆ ಕಡೆ ಕಾಗದ ಮಗುಚಿದ ಸದ್ದು.

"ತಿಪ್ಪೇರುದ್ರಸ್ವಾಮಿ ಸರ್ ಅವರದು. ಜಗಳೂರಿನವರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳ್ತಿದ್ದು ರಿಟೈರ್ ಆಗಿದ್ದಾರೆ. ಮನೆ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡಿದ್ದಾರಂತೆ. ನಮ್ಮ ಸಂಘದ ಉಚ್ಚಂಗಕ್ಕನಿಗೆ ಶಾಲೇಲಿ ಅವರೇ ಮೇಷ್ಟ್ರು. ಲೆಕ್ಕದ ಸೂತ್ರವನ್ನೂ ಅವರೇ ಹೇಳಿದ್ರು, ಕ್ಯಾಲ್ಕುಲೇಟರಿನಲ್ಲಿ ಸುಲಭ."

ಫೋನ್ ಇಟ್ಟಮೇಲೆ ಹೆಂಡತಿ ಕಸ್ತೂರಮ್ಮ ಅಡುಗೆಮನೆಯಿಂದ ಇಣುಕಿ ನೋಡಿದರು.

"ಏನ್ರೀ, ಮುಖ ಹಿಂಗ್ ಹುಳ್ಳಗ್ ಮಾಡ್ಕಂಡೀರಿ? ಆ ಹುಡುಗಿ ಫೋನ್ ಮಾಡಿದ್ ದಿನ ಉಪ್ಪಿಟ್ಟಿಗೆ ಉಪ್ಪಿಲ್ದಿದ್ರೂ ಸುಮ್ನೆ ತಿಂತಿದ್ರಿ."

"ಜಗಳೂರಿನಲ್ಲಿ ತಿಪ್ಪೇರುದ್ರಸ್ವಾಮಿ ಅಂತ ಒಬ್ಬರಿದ್ದಾರಂತೆ."

"ಇರ್ಲಿ ಬಿಡ್ರಿ. ಜಗಳೂರಾಗೆ ಯಾರೂ ಇರಬಾರ್ದೇನು?"

ಇರಬಹುದಿತ್ತು. ಸೂತ್ರ ಕೊಟ್ಟು ಸುಮ್ಮನಿದ್ದಿದ್ದರೆ ಅವರಷ್ಟಕ್ಕೆ ಅವರು ಇರಬಹುದಿತ್ತು. ಮಹೇಶ್ವರಪ್ಪನವರ ಕಪಾಟಿನಲ್ಲಿ ಭೌತಶಾಸ್ತ್ರಕ್ಕಿಂತ ಕವನ ಸಂಕಲನಗಳೇ ಹೆಚ್ಚು. ಪ್ರಾಸ ಬಿಟ್ಟ, ಛಂದಸ್ಸನ್ನು ಮುರಿದ, ಒಂದು ಪದದ ಮೇಲೆ ಇಡೀ ಪದ್ಯದ ಭಾರ ಹೊರಿಸುವ ಕವಿಗಳು ಅವರ ಯೌವನದ ಸಂಗಾತಿಗಳು. ತಾನೂ ಬರೆಯಬಹುದೆಂದು ಬಹುಕಾಲ ನಂಬಿದ್ದರು; ಬರೆದದ್ದೆಲ್ಲ ಮರುದಿನ ಆರಿದ ಚಹದಂತೆ ಕಾಣುತ್ತಿತ್ತು. ಕೊನೆಗೆ ಒಂದು ಸಮಾಧಾನ ಮಾಡಿಕೊಂಡಿದ್ದರು: ತನ್ನಿಂದ ಮೂಡಿದ ಒಂದೇ ಒಳ್ಳೆಯ ಸಾಲೆಂದರೆ ಮೇಘಶ್ರೀ. ಮೊದಲ ಬೆಂಚಿನಲ್ಲಿ ಕೂತು, ನೀರು ಕುದಿಯುವುದಕ್ಕೂ ಕುದಿಯದೆಯೇ ಆವಿಯಾಗಿ ಆರುವುದಕ್ಕೂ ನಡುವೆ ಇರುವ ವ್ಯತ್ಯಾಸವನ್ನು ಒಂದು ವಾರ ಬಿಡದೆ ಕೇಳಿದ್ದ ಹುಡುಗಿ. ಆ ಸಾಲಿನ ನಟ್ಟನಡುವೆ ಈಗ ಯಾರೋ ಹೈಸ್ಕೂಲ್ ಮೇಷ್ಟ್ರು ತನ್ನ ಪದವನ್ನು ಇಟ್ಟುಹೋಗಿದ್ದ. ಪದ ಕೆಟ್ಟದಾಗಿದ್ದರೆ ಕ್ಷಮಿಸಬಹುದಿತ್ತು.

ಮರುದಿನ ಅವರೇ ಫೋನ್ ಮಾಡಿದರು. ಗಾಳಿ ಈಗ ಎಷ್ಟು ಆವಿ ಹೊತ್ತಿದೆಯೆಂದು ತಿಳಿಯಲು ಎರಡು ಥರ್ಮಾಮೀಟರು ಬೇಕು. ಒಂದು ಬರಿದೆ ನೇತಾಡುತ್ತದೆ. ಇನ್ನೊಂದರ ಬುಡಕ್ಕೆ ಬತ್ತಿ ಸುತ್ತಿ ಅದರ ಬಾಲವನ್ನು ನೀರಿನ ಸೀಸೆಯಲ್ಲಿ ಅದ್ದಿಡುತ್ತಾರೆ; ನೀರು ಆರಿದಂತೆ ಬುಡ ತಂಪಾಗಿ ಪಾದರಸ ಇಳಿಯುತ್ತದೆ. ಗಾಳಿ ಒಣಗಿದ್ದಷ್ಟೂ ಎರಡರ ನಡುವಿನ ಅಂತರ ಹೆಚ್ಚು.

"ಬತ್ತಿಗೆ ಏನು ಮಾಡಿದೆ?"

"ಹಳೇ ಪಂಚೆ ಚೂರು ಸಾಕು ಅಂದ್ರು ತಿಪ್ಪೇರುದ್ರಸ್ವಾಮಿ ಸರ್."

"ಪಂಚೆ ಚೂರೇ? ಬೇಡ, ಬೇಡ. ನಾನೇ ತರುತ್ತೇನೆ."

ದೇವರ ಮನೆಯಲ್ಲಿ ಕಸ್ತೂರಮ್ಮ ಹೊಸೆದಿಟ್ಟ ಬತ್ತಿಗಳ ಡಬ್ಬಿಯಿತ್ತು. ಅದರಿಂದ ಉದ್ದನೆಯ, ನುಣುಪಾದ, ಬಿಗಿಯಾದ ಒಂದನ್ನು ಆರಿಸಿ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರು. ಅಂಥ ಬತ್ತಿಯನ್ನು ಜಗಳೂರಿನ ಯಾವ ಮೇಷ್ಟ್ರೂ ತರಲಾರ ಎಂಬ ಸಣ್ಣ ಸುಖ ಬಸ್ಸಿನ ದಾರಿಯುದ್ದಕ್ಕೂ ಅವರ ಜೊತೆಗಿತ್ತು.

ನ್ಯಾಮತಿಯ ಗೋದಾಮಿನ ಬಾಗಿಲಲ್ಲಿ ಸಂಘದ ಮುಂದಾಳು ಉಚ್ಚಂಗೆಮ್ಮ ನಿಂತಿದ್ದರು, ಮೊಣಕೈವರೆಗೆ ಹಿಟ್ಟು. ಒಳಗೆ ಸಾಲು ಸಾಲು ಗಳಗಳಿಂದ ಶಾವಿಗೆ ಇಳಿದು, ಎಣ್ಣೆ ಕಾಣದ ನೆರೆಗೂದಲಿನಂತೆ ತೂಗುತ್ತಿತ್ತು.

"ಬರ್ರಿ ಮೇಷ್ಟ್ರೇ. ನಮ್ ತೌರೂರ ಮೇಷ್ಟ್ರು ಲೆಕ್ಕ ಕೊಟ್ರು, ನೀವು ಬತ್ತಿ ತಂದೀರಿ. ಇನ್ನ ಮಂಗಳಾರತಿ ಒಂದೇ ಬಾಕಿ."

ಹೆಂಗಸರು ನಕ್ಕರು. ಮೇಘಶ್ರೀ ಗೋಡೆಯ ಮೇಲಿನ ಕೋಷ್ಟಕವನ್ನು ತೋರಿಸಿದಳು. ಕೊನೆಯ ಕಾಲಮ್ಮಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 'ದಾಹ' ಎಂದಿತ್ತು. ಮಹೇಶ್ವರಪ್ಪನವರು ಕನ್ನಡಕ ಸರಿಪಡಿಸಿಕೊಂಡರು.

"ಇದನ್ನು 'ಆವಿ ಒತ್ತಡದ ಕೊರತೆ' ಎಂದು ಬರೆದರೆ ಶಾಸ್ತ್ರೀಯವಾಗಿರುತ್ತದೆ."

"ಕೊರತೆ ಗಿರತೆ ಬ್ಯಾಡ್ರಿ ಮೇಷ್ಟ್ರೇ, ಹಬ್ಬ ಮುಂದೈತೆ," ಎಂದರು ಉಚ್ಚಂಗೆಮ್ಮ. "ದಾಹ ಅಂದ್ರೆ ನಮ್ಗೂ ತಿಳೀತೈತೆ. ಬಾಯಾರಿದ್ ಗಾಳಿ ಶಾವಿಗೆ ನೀರು ಕುಡೀತೈತೆ, ಹೊಟ್ಟೆ ತುಂಬಿದ್ ಗಾಳಿ ಕುಡಿಯಾಕೆ ಒಲ್ಲೆ ಅಂತೈತೆ. ಅಷ್ಟೇ ಅಲ್ಲೇನ್ರಿ?"

"ಅಷ್ಟೇ," ಎಂದರು ಮಹೇಶ್ವರಪ್ಪ. ಒಂದು ಪಾಠದ ಅವಧಿಯಲ್ಲಿ ತಾವು ಹೇಳಲಾಗದೆ ಹೋದದ್ದನ್ನು ಒಂದು ಪದ ಹೀಗೆ ಹಿಟ್ಟಿನ ಕೈಗಳವರೆಗೆ ತಲುಪಿಸಿತ್ತು. ಅದನ್ನು ಮೆಚ್ಚುವುದಕ್ಕೂ ಸಹಿಸುವುದಕ್ಕೂ ನಡುವೆ ಅವರು ನಿಂತರು, ಮತ್ತು ಬೇಗ ಬೇಗ ಬತ್ತಿಯ ಕಾಗದ ಬಿಚ್ಚಿ, ಬಾಗಿಲ ಹೊರಗೆ ತೂಗಿದ್ದ ಥರ್ಮಾಮೀಟರಿಗೆ ತಮ್ಮ ಕೈಯಾರೆ ಕಟ್ಟಿದರು.

ಸ್ವಲ್ಪ ಹೊತ್ತು ಬಿಟ್ಟು ಮೇಘಶ್ರೀ ಓದಿದಳು. ಒಣಗಿದ್ದರಲ್ಲಿ ಇಪ್ಪತ್ತೆಂಟು, ಬತ್ತಿಯದರಲ್ಲಿ ಇಪ್ಪತ್ತೇಳು.

"ಇಷ್ಟು ಹತ್ತಿರವಾ ಸರ್?"

"ಶ್ರಾವಣವಲ್ಲವೇ. ಗಾಳಿ ತುಂಬಿಕೊಂಡಿದೆ."

ದಾಹ ಎರಡು ಎಂದು ಕೋಷ್ಟಕ ಹೇಳಿತು. ಫ್ಯಾನು ನಿಂತಿತು, ಕಿಟಕಿಗಳು ಮುಚ್ಚಿದವು. ಮಹೇಶ್ವರಪ್ಪನವರು ಶಾವಿಗೆ ಪಾಯಸ ಕುಡಿದು, ಮೇಘಶ್ರೀಯ ಕೋಷ್ಟಕಕ್ಕೆ ತಮ್ಮ ಕೈಯೂ ಸೇರಿತೆಂಬ ತೃಪ್ತಿಯಲ್ಲಿ ಊರಿಗೆ ಮರಳಿದರು.

ವಾರ ಕಳೆಯುವ ಮೊದಲೇ ಅವಳ ಫೋನ್ ಬಂತು. ಈ ಸಲ ಭಾನುವಾರವಲ್ಲ.

"ಸರ್, ಏನೋ ತಪ್ಪಿದೆ. ದಿನಾ ನೋಡಿದರೂ ದಾಹ ಎರಡು, ಇಲ್ಲ ಒಂದೂವರೆ. ಪಕ್ಕದ ಹಾಸ್ಟೆಲಿನ ಹಗ್ಗದ ಮೇಲೆ ಬಟ್ಟೆ ಮಧ್ಯಾಹ್ನದೊಳಗೆ ಒಣಗ್ತಿದೆ. ಇಲ್ಲಿ ಫ್ಯಾನ್ ಹಾಕದೆ, ಬರೀ ಹೀಟರಿಗೆ ಒಣಗದೆ ಶಾವಿಗೆ ಹುಳಿವಾಸನೆ ಬಂದು, ಹಸಿರು ಬೂಷ್ಟು ಹಿಡಿದಿದೆ. ಉಚ್ಚಂಗಕ್ಕ ಎರಡು ಗಳದ್ದು ತಿಪ್ಪೆಗೆ ಹಾಕಿದರು. ಏನೂ ಅನ್ನಲಿಲ್ಲ, ಅದೇ ಕಷ್ಟ. ನನ್ನ ಲೆಕ್ಕ ಎಲ್ಲಿ ತಪ್ಪಿರಬಹುದು?"

"ನೋಡಿ ಹೇಳುತ್ತೇನೆ," ಎಂದರು.

ಮೇಜಿನ ಮುಂದೆ ಕೂತು ಲಾಗರಿದಮ್ ಪುಸ್ತಕ ತೆರೆದರು. ಮೂವತ್ತು ಡಿಗ್ರಿಗೆ ತಮ್ಮ ಹಳೆಯ ಸೂತ್ರದಿಂದ ಬಂದದ್ದು ಮೂವತ್ತೊಂದು ದಶಾಂಶ ಏಳು ನಾಲ್ಕು. ಜಗಳೂರಿನವರ ಸೂತ್ರದಿಂದ ಮೂವತ್ತೊಂದು ದಶಾಂಶ ಏಳು ಎಂಟು. ಇಪ್ಪತ್ತೈದಕ್ಕೆ ಮಾಡಿದರು, ನಲವತ್ತಕ್ಕೆ ಮಾಡಿದರು. ಎರಡೂ ಒಂದೇ ಬಾವಿಯ ನೀರು. ಆ ಅಲ್ಪ ಅಂತರದಿಂದ ಶಾವಿಗೆಯ ಒಂದು ಎಳೆಯೂ ಕೆಡದು.

ಅದು ಅವರಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ಸಂಜೆ ಫೋನಿನಲ್ಲಿ ಹೀಗೆಂದರು: "ಆ ಸೂತ್ರದ ಮೇಲೆ ನನಗೆ ಅನುಮಾನವಿದೆ. ಜಗಳೂರಿನ ಒಣಹವೆಗೆ ಅದು ಹೊಂದಬಹುದು. ಹೊಳೆಸಾಲಿನ ಸೀಮೆಗೆ ಹೊಂದುವುದಿಲ್ಲ."

ನೀರಿನ ಆವಿ ಒತ್ತಡಕ್ಕೆ ಊರುಕೇರಿಗಳ ಹಂಗಿಲ್ಲ, ಉಷ್ಣತೆಯೊಂದೇ ಅದರ ಒಡೆಯ ಎಂದು ಮೊದಲ ದಿನವೇ ಹಲಗೆಯ ಮೇಲೆ ಬರೆಯುತ್ತಿದ್ದ ಮನುಷ್ಯ ಆಡಿದ ಮಾತು ಅದು.

"ಹಾಗೇನಾ ಸರ್?" ಮೇಘಶ್ರೀಯ ದನಿ ತಗ್ಗಿತ್ತು.

"ಹಾಗೇ ಇರಬೇಕು."

"ಹಾಗಾದರೆ ಅವರನ್ನೇ ಕರೆಸ್ತೀನಿ. ಸೋಮವಾರ ನೀವೂ ಬನ್ನಿ. ಇಬ್ಬರೂ ಎದುರಿಗೇ ಕೂತು ನೋಡಿ."

ಸುಳ್ಳಿನಿಂದ ನಾಚಿಕೆಯಾಗಬೇಕಿತ್ತು. ಆದದ್ದು ಹಸಿವು. ನಡುವಿನ ದಿನಗಳಲ್ಲಿ ಅವರು ಆ ಭೇಟಿಯನ್ನು ಮತ್ತೆ ಮತ್ತೆ ಕಣ್ಣಮುಂದೆ ತಂದುಕೊಂಡರು: ತಡವರಿಸುವ ಒಬ್ಬ ಹೈಸ್ಕೂಲ್ ಮೇಷ್ಟ್ರು, ತನ್ನ ಕಡೆ ತಿರುಗುವ ಮೇಘಶ್ರೀ, ಗೋಡೆಯಿಂದ ಕೆಳಗಿಳಿಯುವ ಆ ಕೆಂಪು ಪದ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಟಾಗ ಕಸ್ತೂರಮ್ಮ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಶ್ರಾವಣ ಸೋಮವಾರದ ದೀಪಕ್ಕೆ.

"ಬೀಗರ ಮನಿಗ್ ಹೊಂಟಂಗ್ ಹೊಂಟೀರಲ್ರೀ."

ಅವರು ಚಪ್ಪಲಿ ಮೆಟ್ಟಲು ಬಾಗಿದರು. ಕಣ್ಣು ಹೆಂಡತಿಯ ಬೆರಳುಗಳ ಮೇಲೆ ನಿಂತಿತ್ತು. ಒಂದೊಂದು ಎಳೆಗೂ ಮೊದಲು ಆಕೆ ಬೆರಳತುದಿಯನ್ನು ಪಕ್ಕದ ಬಟ್ಟಲಿಗೆ ಮುಟ್ಟಿಸುತ್ತಿದ್ದರು.

"ಅದೇನು ಬಟ್ಟಲಲ್ಲಿ?"

"ಹರಳೆಣ್ಣೆ. ಮುಟ್ಟಿಸ್ಕಂಡು ಹೊಸೆದ್ರೆ ಎಳೆ ಬಿಚ್ಚಾಂಗಿಲ್ಲ. ನಿಮ್ಮನಿಗೆ ಬಂದಾಗ್ಲಿಂದ ಹಿಂಗೇ ಮಾಡ್ತೀನಿ, ಇವತ್ತ್ ಕಂಡಿತೇನು?"

ಡಬ್ಬಿಯಿಂದ ಒಂದು ಬತ್ತಿ ಎತ್ತಿಕೊಂಡು ಕುಡಿಯುವ ನೀರಿನ ಲೋಟಕ್ಕೆ ಇಳಿಬಿಟ್ಟರು. ನೀರು ಮೇಲೇರಲಿಲ್ಲ. ಬತ್ತಿಯ ಮೈಮೇಲೆ ಹನಿಗಳು ಮುತ್ತಾಗಿ ನಿಂತು, ಜಾರಿ ಬಿದ್ದವು. ನ್ಯಾಮತಿಯ ಥರ್ಮಾಮೀಟರಿನ ಬುಡ ಸರಿಯಾಗಿ ನೆನೆದೇ ಇರಲಿಲ್ಲ. ನೆನೆಯದ್ದು ತಂಪಾಗುವುದೆಂತು? ಗಾಳಿಗೆ ದಾಹವಿತ್ತು, ಅದರ ಬಾಯಿಗೆ ಎಣ್ಣೆ ಸವರಿದವರು ತಾವು.

"ಹಳೇ ಪಂಚೆ ಇದ್ದರೆ ಒಂದು ಚೂರು ಹರಿದುಕೊಡು," ಎಂದರು. ಕಸ್ತೂರಮ್ಮ ವಿಚಿತ್ರವಾಗಿ ನೋಡಿ, ಹರಿದುಕೊಟ್ಟರು.

ಹೊನ್ನಾಳಿಯಲ್ಲಿ ಬಸ್ಸು ತುಂಗಭದ್ರೆಯ ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಟ್ಟೆಯ ಚೂರು ಜೇಬಿನಲ್ಲಿ ಹಗುರಾಗಿತ್ತು. ಯಾರೂ ನೋಡದಾಗ ಬತ್ತಿ ಬದಲಿಸಿಬಿಟ್ಟರೆ ಸಾಕು. ಪಾದರಸ ತಾನಾಗಿ ಇಳಿಯುತ್ತದೆ. ಸೂತ್ರವನ್ನು ತಾನು ತಿದ್ದಿದ ಮೇಲೆ ಸರಿಹೋಯಿತು ಎಂದರೆ ನಂಬದವರು ಯಾರು? ಮೇಘಶ್ರೀ ತನ್ನವಳಾಗಿಯೇ ಉಳಿಯುತ್ತಾಳೆ. ಈ ಯೋಚನೆ ನ್ಯಾಮತಿಯವರೆಗೂ ಅವರ ಪಕ್ಕದ ಸೀಟಿನಲ್ಲೇ ಕೂತು ಬಂತು.

ತಿಪ್ಪೇರುದ್ರಸ್ವಾಮಿ ಆಗಲೇ ಬಂದಿದ್ದರು. ತೆಳ್ಳನೆಯ, ಬಿಸಿಲು ಕುಡಿದ ಮೈಯ ಎತ್ತರದ ಮನುಷ್ಯ. ಸಂಘದವರಿಗೆಂದು ಒಂದು ಚೀಲ ಶೇಂಗಾ ಹೊತ್ತು ತಂದಿದ್ದರು. ಕಂಡೊಡನೆ ಎದ್ದು ಕೈಮುಗಿದರು.

"ಶರಣು ಸಾರ್. ಸೂತ್ರ ಹತ್ತಾರು ಸಲ ಹಾಕಿ ನೋಡ್ದೆ, ತಪ್ಪು ನಂಗೆ ಸಿಗ್ಲಿಲ್ಲ. ಒಣ ಸೀಮ್ಯಾಗೆ ಬೆಳೆದೋನು ನಾನು, ನಿಮ್ಮ ಹೊಳೆಸಾಲಿನ ಗಾಳಿ ಬ್ಯಾರೆ ಇರಬೋದು. ನೀವು ಕಾಲೇಜಿನಾಗೆ ಕಲಿಸಿದೋರು. ತೋರಿಸ್ರಿ, ತಿದ್ದಿಕಂತೀನಿ."

ಬಿಗುಮಾನದವನನ್ನು ಎದುರಿಸಲು ಸಿದ್ಧರಾಗಿ ಬಂದಿದ್ದರು. ಬಾಗಿದ ತಲೆಯನ್ನು ದ್ವೇಷಿಸುವುದು ಎಷ್ಟು ಕಷ್ಟವೆಂದು ಮಹೇಶ್ವರಪ್ಪನವರಿಗೆ ಆಗ ಗೊತ್ತಾಯಿತು; ಇಷ್ಟಾದರೂ ದ್ವೇಷ ಬಿಡಲಿಲ್ಲ, ಈ ಒಳ್ಳೆಯತನವೂ ಈತನಿಗೇ ಇರಬೇಕೇ ಎಂದು ಇನ್ನಷ್ಟು ಉರಿಯಿತು. ಆದರೆ ಆ ಮನುಷ್ಯ, ಇಲ್ಲದ ತಪ್ಪನ್ನು ಒಪ್ಪಿಕೊಳ್ಳಲು ಅಷ್ಟು ದೂರದಿಂದ ಬಂದು, ನಿಂತೇ ಇದ್ದರು. ಪಕ್ಕದಲ್ಲಿ ಮೇಘಶ್ರೀ ಇಬ್ಬರನ್ನೂ ನೋಡುತ್ತಿದ್ದಳು.

ಮಹೇಶ್ವರಪ್ಪನವರು ಥರ್ಮಾಮೀಟರಿನ ಹತ್ತಿರ ಹೋಗಿ ಬತ್ತಿಯನ್ನು ಬಿಚ್ಚಿದರು. ಎಲ್ಲರಿಗೂ ಕಾಣುವಂತೆ ಅದರ ಮೇಲೆ ಒಂದು ಹನಿ ನೀರು ಬಿಟ್ಟರು. ಹನಿ ಉರುಳಿ ನೆಲಕ್ಕೆ ಬಿತ್ತು.

"ಎಣ್ಣೆ," ಎಂದರು. "ದೀಪದ ಬತ್ತಿ ಇದು. ತಂದವನು ನಾನು."

ಪಂಚೆಯ ಚೂರನ್ನು ಸುತ್ತಿ ನೀರಿಗೆ ಬಾಲ ಬಿಟ್ಟರು. ಎಲ್ಲರೂ ಗಾಜಿನ ಕೊಳವೆಗೆ ಕಣ್ಣು ಕೀಲಿಸಿ ಕಾದರು. ಪಾದರಸ ಇಪ್ಪತ್ತೇಳು ದಾಟಿ, ಇಪ್ಪತ್ತಾರು ದಾಟಿ, ತಡೆದು ತಡೆದು ಇಪ್ಪತ್ತನಾಲ್ಕರಲ್ಲಿ ನಿಂತಿತು.

"ಗಾಳಿ ಹೊರಬಲ್ಲದ್ದು ಇಪ್ಪತ್ತೆಂಟು ಚಿಲ್ಲರೆ," ಮೇಘಶ್ರೀ ಬೆರಳೋಡಿಸುತ್ತ ಓದಿದಳು, "ಹೊತ್ತಿರೋದು ಇಪ್ಪತ್ತೂವರೆ. ದಾಹ... ಎಂಟು! ಹೆಚ್ಚುಕಡಿಮೆ ಎಂಟು!"

"ಫ್ಯಾನ್ ಹಾಕ್ರೇ!" ಎಂದು ಉಚ್ಚಂಗೆಮ್ಮ ಕೂಗಿದರು. ಕಿಟಕಿಗಳು ತೆರೆದವು. ಗಳಗಳ ಮೇಲಿನ ಶಾವಿಗೆ ಒಮ್ಮೆಲೇ ತೂಗಿತು. ಸೆರಗು ಸರಿಮಾಡಿಕೊಳ್ಳುತ್ತ ಉಚ್ಚಂಗೆಮ್ಮ ಇತ್ತ ತಿರುಗಿದರು. "ಹಂಗಾರೆ ನಮ್ಮೇಷ್ಟ್ರ ಲೆಕ್ಕ ಸರಿ ಐತೆ ಅನ್ರಿ. ಮತ್ತ್ಯಾಕ್ರೀ ಪಾಪ, ಅವ್ರನ್ನ ಜಗಳೂರಿಂದ ಎಳ್ಸಿದ್ರಿ?"

"ಹೊಟ್ಟೆಕಿಚ್ಚಿಗೆ," ಎಂದರು ಮಹೇಶ್ವರಪ್ಪ.

ಹೆಂಗಸರು ಬಿದ್ದು ಬಿದ್ದು ನಕ್ಕರು. "ಕೇಳಿದ್ರೇನ್ರೇ, ಈ ವಯಸ್ನಾಗೆ ಹೊಟ್ಟೆಕಿಚ್ಚಂತೆ! ಅದನ್ನಾದ್ರೂ ಇಲ್ಲಿ ಹಚ್ಚಿದ್ರೆ ಹೀಟರ್ ಕರೆಂಟು ಉಳೀತಿತ್ತು ಮೇಷ್ಟ್ರೇ!" ತಿಪ್ಪೇರುದ್ರಸ್ವಾಮಿಯೂ ನಕ್ಕರು. ಮೇಘಶ್ರೀ ಒಬ್ಬಳೇ ನಗಲಿಲ್ಲ. ಎರಡು ಸೂತ್ರಗಳ ಲೆಕ್ಕವನ್ನು ಅವಳೂ ಮಾಡಿದ್ದಳೆಂದು ಆ ಮುಖದಿಂದಲೇ ಅವರಿಗೆ ಅರ್ಥವಾಯಿತು.

ಮರಳುವಾಗ ಇಬ್ಬರು ಮೇಷ್ಟ್ರೂ ಹೊನ್ನಾಳಿಯವರೆಗೆ ಒಂದೇ ಬಸ್ಸು. ಅಲ್ಲಿಂದ ಒ‌ಬ್ಬರಿಗೆ ದಾವಣಗೆರೆ ಕಡೆ, ಒಬ್ಬರಿಗೆ ಚನ್ನಗಿರಿ ಕಡೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಮಹೇಶ್ವರಪ್ಪನವರು ಕೊನೆಗೂ ಹೇಳಿದರು:

"ಗಾಳಿಯ ದಾಹ. ಒಳ್ಳೆಯ ಪದ ಕೊಟ್ಟಿರಿ ನೀವು."

ತಿಪ್ಪೇರುದ್ರಸ್ವಾಮಿ ಮುಜುಗರದಿಂದ ಕಾಲ ಬೆರಳುಗಳನ್ನು ನೋಡಿಕೊಂಡರು. "ಅದು ನಂದಲ್ಲ ಸಾರ್."

"ಮತ್ತೆ ಯಾರದು?"

"ಆ ಹುಡುಗೀದೇ. 'ಇದನ್ನ ಗಾಳಿಯ ದಾಹ ಅನ್ನಬಹುದಾ ಸರ್' ಅಂತ ಫೋನಿನಾಗೆ ಕೇಳಿದ್ಲು. ಅನ್ನವ್ವಾ ಅಂದೆ. ನಾನು ಮಾಡಿದ್ದು ಅಷ್ಟೇ."

"ನಿಮ್ಮ ಹೆಸರು ಹೇಳಿದಳಲ್ಲ ನನಗೆ?"

"ತನ್ನದು ಅಂದ್ರೆ ನೀವು ತಿದ್ದಿಬಿಡ್ತೀರಿ ಅಂತ ಹೆದರಿದ್ಲಂತೆ. ಇನ್ನೊಬ್ಬ ಮೇಷ್ಟ್ರದು ಅಂದ್ರೆ ಮರ್ಯಾದಿಗಾದ್ರೂ ಬಿಡ್ತೀರಿ ಅಂದ್ಕಂಡ್ಲು. ಬೆಳಿಗ್ಗೆ ಹೇಳಿದ್ಲು ನಂಗೆ, ಬೈಬ್ಯಾಡ್ರಿ ಅಂತ." ಅವರು ಸಣ್ಣಗೆ ನಕ್ಕರು. "ನಿಜ ಹೇಳ್ಲಾ ಸಾರ್? ನಂದಲ್ಲ ಅಂತ ಹೇಳಾಕೆ ನಂಗೂ ಮನಸ್ಸಿರ್ಲಿಲ್ಲ. ಅಂಥ ಮಾತು ನಮ್ಮಂಥೋರಿಗೆ ಹೊಳೆಯಾಂಗಿಲ್ಲ."

ದಾವಣಗೆರೆ ಬಸ್ಸು ಬಂತು. ಅವರು ಕೈಮುಗಿದು ಹತ್ತಿದರು.

ಮಹೇಶ್ವರಪ್ಪನವರು ಹಾಗೇ ಕೂತರು. ದ್ವೇಷಿಸಲು ಇದ್ದ ಒಬ್ಬನೂ ಬಸ್ಸು ಹತ್ತಿ ಹೋಗಿದ್ದ. ಹೊಟ್ಟೆಯೊಳಗಿನದು ಮಾತ್ರ ಆರಿರಲಿಲ್ಲ. ಅದು ನಿಧಾನವಾಗಿ ಮಗ್ಗುಲು ಬದಲಿಸಿ, ಇಷ್ಟು ದಿನ ತಾನು ಎಂದೂ ನೋಡದಿದ್ದ ಕಡೆಗೆ ಮುಖ ಮಾಡಿತು. ಇನ್ನೊಬ್ಬ ಮೇಷ್ಟ್ರ ಮೇಲಿನ ಅಸೂಯೆ ಏನಿದ್ದರೂ ಸರೀಕರ ಜಗಳ. ತಾನು ಅಕ್ಷರ ಅಕ್ಷರ ತಿದ್ದಿದ ಹುಡುಗಿಗೆ, ತನಗೆ ಒಲಿಯದ ಪದವೊಂದು ತಾನಾಗಿ ಒಲಿದು, ಅವಳು ಅದನ್ನು ತನ್ನಿಂದಲೇ ಬಚ್ಚಿಡಬೇಕಾಯಿತು ಎಂಬುದು ಬೇರೆಯದೇ ಉರಿ. ಆ ಉರಿಯಲ್ಲಿ ಅರ್ಧ ಅಸೂಯೆ. ಇನ್ನರ್ಧಕ್ಕೆ ಅವರಿಗೆ ಹೆಸರು ಸಿಗಲಿಲ್ಲ.

ಫೋನ್ ತೆಗೆದು ಮೇಘಶ್ರೀಗೆ ಮಾಡಿದರು.

"ಆ ಪದ ಚೆನ್ನಾಗಿದೆ, ಮೇಘಶ್ರೀ. ನಿನ್ನದಂತೆ."

ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು.

"ಆದರೆ?" ಎಂದಳು ಮೇಘಶ್ರೀ.

"ಆದರೆ ಏನೂ ಇಲ್ಲ. ಅದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅಲ್ಲಿ ಎಲ್ಲರೂ ನಕ್ಕರು, ನಾನು ತಮಾಷೆಗೆ ಹೇಳಿರಲಿಲ್ಲ."

"ಗೊತ್ತಾಯ್ತು ಸರ್." ಈ ಸಲ ಅವಳ ದನಿಯಲ್ಲಿ ಅಳುಕು ಕಡಿಮೆಯಿತ್ತು. "ಸರ್, ಇಬ್ಬನಿ ಕಟ್ಟುವ ಉಷ್ಣತೆಗೂ ಒಂದು ಹೆಸರು ಯೋಚಿಸಿದ್ದೀನಿ. ಇನ್ನೂ ಯಾರಿಗೂ ಹೇಳಿಲ್ಲ. ಹೇಳಲಾ?"

ಚನ್ನಗಿರಿ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ.

"ಹೇಳು," ಎಂದರು ಮಹೇಶ್ವರಪ್ಪ, ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು. ಕೇಳುವ ಮೊದಲೇ ಹೊಟ್ಟೆಯೊಳಗೆ ಸಣ್ಣಗೆ ಉರಿ ಎದ್ದಿತ್ತು.